ಓದುಗರ ಪ್ರಶ್ನೆ: ಮಡದಿಯ ತವರೂರಿಗೆ ಏನು ಕೊಡಲಿ?

ಪ್ರಶ್ನೆ: ನಾನು ಅರವತ್ತೊಂಬತ್ತು ವರ್ಷದ ನಿವೃತ್ತ ಎಂಜಿನಿಯರ್, ಮೈಸೂರಿನಲ್ಲಿದ್ದೇನೆ. ನನ್ನ ಪತ್ನಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅವಳು ಗದಗದ ಹತ್ತಿರದ ಲಕ್ಕುಂಡಿಯವಳು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದಳು. ಮೈಸೂರಿನಲ್ಲಿ ನಲವತ್ತು ವರ್ಷ ಬಾಳಿದರೂ ಅವಳ ಬಾಯಲ್ಲಿ ‘ನಮ್ಮೂರು’ ಎಂದರೆ ಲಕ್ಕುಂಡಿಯೇ. ಬೇಸಿಗೆ ರಜೆಗೆ ಹೋದ ಮೊದಲ ಸಂಜೆಯೇ ಮಕ್ಕಳನ್ನು ಕರೆದುಕೊಂಡು ಮುಸುಕಿನ ಬಾವಿ ಎಂಬ ಹಳೆಯ ಮೆಟ್ಟಿಲು ಬಾವಿಯ ಹತ್ತಿರ ಹೋಗುತ್ತಿದ್ದಳು. ‘ನಮ್ಮೂರಾಗ ಹೆಜ್ಜಿಗೊಂದು ಬಾವಿ, ಹೆಜ್ಜಿಗೊಂದು ಗುಡಿ ಅದಾವ, ನಮ್ಮ ಹುಡುಗರಿಗೆ ಒಂದರ ಕತಿನೂ ಗೊತ್ತಿಲ್ಲ’ ಎಂಬುದು ಅವಳ ಕೊನೆಯವರೆಗಿನ ಕೊರಗು. ಹೊರಡುವಾಗ ತವರಿನವರು ಉಡಿ ತುಂಬಿದ ಅಕ್ಕಿಯನ್ನು ಅವಳು ಮೈಸೂರಿಗೆ ತಂದು ಬೇರೆ ಡಬ್ಬಿಯಲ್ಲಿಟ್ಟು ಹಬ್ಬದ ದಿನ ಪಾಯಸಕ್ಕೆ ಬಳಸುತ್ತಿದ್ದಳು.

ಅವಳ ಹೆಸರಿನಲ್ಲಿ 12 ಲಕ್ಷ ರೂಪಾಯಿ ಬ್ಯಾಂಕ್ ಠೇವಣಿ ಇದೆ, ನಾನು ನಾಮಿನಿ. ಅದನ್ನು ಅವಳ ಊರಿಗೆ ಕೊಡಬೇಕೆಂದಿದ್ದೇನೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಮಗ ಅಮೆರಿಕದ ಪ್ರಜೆಯಾಗಿದ್ದಾನೆ. ತಾನೂ 5 ಲಕ್ಷ ಸೇರಿಸುತ್ತೇನೆ ಎನ್ನುತ್ತಾನೆ. ನನ್ನ ಭಾವಮೈದುನ ಊರ ಬಾಗಿಲಿಗೆ ಅಕ್ಕನ ಹೆಸರಿನ ಮಹಾದ್ವಾರ ಕಟ್ಟಿಸೋಣ ಎನ್ನುತ್ತಾರೆ. ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ವಿದ್ಯಾರ್ಥಿವೇತನ ಇಡಿ ಎಂದು ಕೆಲವು ಬಂಧುಗಳು ಹೇಳುತ್ತಾರೆ. ನಾನು ಅಳಿಯ, ಆ ಊರಿನ ಒಳಹೊರಗು ನನಗೆ ತಿಳಿಯದು. ಯಾವುದು ಸರಿ?

ಉತ್ತರ: ಊರಿಗೆ ಏನು ಕೊಡಬೇಕೆಂಬುದಕ್ಕೆ ಮೊದಲು, ಕೊಡಬೇಕೆಂದಿರುವ ಹಣ ಯಾರದು ಎಂಬುದನ್ನು ನೋಡೋಣ. ನೀವು ನಾಮಿನಿಯಾಗಿರುವುದರಿಂದ ಬ್ಯಾಂಕು ಹಣವನ್ನು ನಿಮ್ಮ ಕೈಗೆ ಕೊಡುತ್ತದೆ. ಆದರೆ ಅಷ್ಟರಿಂದಲೇ ಅದು ನಿಮ್ಮದಾಗುವುದಿಲ್ಲ. ಠೇವಣಿಯ ನಾಮಿನಿ ಹಣವನ್ನು ಪಡೆದುಕೊಳ್ಳುವ ಅಧಿಕಾರವುಳ್ಳವನೇ ಹೊರತು ಅದರ ಒಡೆಯನಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಪತ್ನಿ ಉಯಿಲು ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಸೆಕ್ಷನ್ನಿನಂತೆ ಗಂಡ, ಮಗ, ಮಗಳು ಮೂವರೂ ಸಮಪಾಲಿನ ವಾರಸುದಾರರು. ಅಂದರೆ 12 ಲಕ್ಷದಲ್ಲಿ ನಿಮ್ಮದು 4 ಲಕ್ಷ. ಮಕ್ಕಳು ಅಡ್ಡಿ ಮಾಡುವವರಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಆದರೂ ಮಗಳಿಂದ ಒಂದು ಒಪ್ಪಿಗೆ ಪತ್ರವನ್ನು ಈಗಲೇ ಬರೆಸಿಕೊಳ್ಳಿ. ಅವಳು ದಾನಿಗಳಲ್ಲಿ ಒಬ್ಬಳು, ಕೇವಲ ಒಪ್ಪಿಗೆ ಕೊಟ್ಟವಳಲ್ಲ ಎಂಬುದು ಆ ಪತ್ರದಲ್ಲಿರಲಿ.

ಮಗನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹೊರದೇಶದಲ್ಲಿ ನೆಲೆಸಿದ್ದರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವರು ಬ್ಯಾಂಕಿನ ಮೂಲಕ ಇಲ್ಲಿನ ಸಂಸ್ಥೆಗೆ ಹಣ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪ್ರಜೆಯಾದ ಮೇಲೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅವರು ಕೊಡುವುದು ವಿದೇಶಿ ಮೂಲದ ಹಣ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ‘ಅಪ್ಪನ ಖಾತೆಗೆ ಹಾಕುತ್ತೇನೆ, ಅಲ್ಲಿಂದ ಅವರು ಕೊಡಲಿ’ ಎಂದು ಬಹಳ ಮಕ್ಕಳು ಯೋಚಿಸುತ್ತಾರೆ. ಮಗ ತಂದೆಯ ಖರ್ಚಿಗೆ ಹಣ ಕಳಿಸುವುದಕ್ಕೆ ಈ ಕಾಯ್ದೆಯ ಅಡ್ಡಿಯಿಲ್ಲ. ಆದರೆ ವಿದೇಶಿ ಮೂಲದ ಹಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಸಂಸ್ಥೆಗೆ ಬಂದರೂ ವಿದೇಶಿ ವಂತಿಗೆಯೇ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಹೊಸ ಟ್ರಸ್ಟ್ ಮಾಡಿ ಈ ನೋಂದಣಿ ಪಡೆಯುತ್ತೇವೆ ಎಂಬುದೂ ಸದ್ಯಕ್ಕೆ ಆಗದ ಮಾತು: ಸಂಸ್ಥೆಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ಅದು ತನ್ನ ಉದ್ದೇಶಗಳಿಗಾಗಿ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಆದ್ದರಿಂದ ಮಗನ 5 ಲಕ್ಷವನ್ನೂ ತಾಯಿಯ ಠೇವಣಿಯಲ್ಲಿ ಅವರಿಗೆ ಬರುವ 4 ಲಕ್ಷವನ್ನೂ ಲೆಕ್ಕಪರಿಶೋಧಕರನ್ನು ಕೇಳುವ ತನಕ ಬದಿಗಿಡಿ. ನಿಮ್ಮ ಮತ್ತು ಮಗಳ ಪಾಲಿನ 8 ಲಕ್ಷವನ್ನೇ ಆಧಾರವಾಗಿಟ್ಟುಕೊಂಡು ಯೋಚಿಸೋಣ.

ಇನ್ನು ಮಹಾದ್ವಾರ. ಭಾವಮೈದುನರ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಕ್ಕನ ಹೆಸರು ಹುಟ್ಟಿದ ಊರಿನಲ್ಲಿ ಕಣ್ಣಿಗೆ ಬೀಳುವಂತಿರಬೇಕು ಎಂಬುದು ತಮ್ಮನಿಗೆ ಸಹಜವೇ. ಆದರೆ ಲಕ್ಕುಂಡಿಯಲ್ಲಿ ಕಲ್ಲಿನ ಮೇಲೆ ಕಲ್ಲಿಡುವುದು ಬೇರೆ ಊರಿನಷ್ಟು ಸುಲಭವಲ್ಲ. ಕಾಶಿ ವಿಶ್ವನಾಥ, ನನ್ನೇಶ್ವರ, ಮಾಣಿಕೇಶ್ವರ, ಬ್ರಹ್ಮ ಜಿನಾಲಯ ಎಲ್ಲವೂ ಜನರ ಮನೆಗಳ ನಡುವೆಯೇ ನಿಂತಿವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವುದನ್ನು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ನಿಷೇಧಿಸಿದೆ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ನೀವು ಎಂಜಿನಿಯರ್, ಆ ಊರಿನ ನಕ್ಷೆಯ ಮೇಲೆ ಒಮ್ಮೆ ಕೈವಾರದಿಂದ ವೃತ್ತಗಳನ್ನು ಎಳೆದು ನೋಡಿ. ಕಮಾನಿಗೆ ಜಾಗ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಕಲ್ಯಾಣ ಚಾಲುಕ್ಯರ ಕಾಲದ ಕುಶಲಿಗಳು ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ಕಡೆದಂತಹ ಕಂಬಗಳಿರುವ ಊರಿನ ಬಾಗಿಲಲ್ಲಿ ಸಿಮೆಂಟಿನ ಕಮಾನನ್ನು ಕಂಡರೆ ನಿಮ್ಮ ಮಡದಿ ಏನೆನ್ನುತ್ತಿದ್ದರು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮುಸುಕಿನ ಬಾವಿಯನ್ನೇ ದುರಸ್ತಿ ಮಾಡಿಸಬಹುದಲ್ಲ ಎಂಬ ಯೋಚನೆ ನಿಮಗೆ ಬಂದಿರಬಹುದು. ರಕ್ಷಿತ ಸ್ಮಾರಕವನ್ನು ಖಾಸಗಿಯವರು ತಾವೇ ಕೈಹಾಕಿ ದುರಸ್ತಿ ಮಾಡಿಸುವಂತಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ ಇಂತಹ ಕೆಲಸಕ್ಕೆ ದಾನ ಕೊಡುವ ಮಾರ್ಗವಿದೆ; ಆದರೆ ಅಲ್ಲಿನ ಯೋಜನೆ, ಅಂದಾಜುಪಟ್ಟಿ, ಒಪ್ಪಂದಗಳ ದಾರಿ ದೊಡ್ಡ ಮೊತ್ತಕ್ಕೆ ತಕ್ಕದ್ದು, ನಿಮ್ಮದಕ್ಕಲ್ಲ ಎಂದು ನನ್ನ ಅಭಿಪ್ರಾಯ. ಅಲ್ಲದೆ ನಿಮ್ಮ ಪತ್ನಿಯ ಕೊರಗು ಬಾವಿ ಹಾಳಾಗುತ್ತಿದೆ ಎಂಬುದಾಗಿರಲಿಲ್ಲ. ಊರಿನ ಹುಡುಗರಿಗೆ ಅದರ ಕಥೆ ಗೊತ್ತಿಲ್ಲ ಎಂಬುದಾಗಿತ್ತು. ಶಿಕ್ಷಕಿಯೊಬ್ಬರು ಹೀಗೆ ಹೇಳಿ ಹೋಗಿರುವಾಗ ನಾವು ಸಿಮೆಂಟು, ಕಳಶಗಳ ಕಡೆ ಏಕೆ ನೋಡಬೇಕು?

ಈ ಮಾತು ಹೇಳುವುದಕ್ಕೆ ಲಕ್ಕುಂಡಿಗಿಂತ ತಕ್ಕ ಊರು ಕನ್ನಡ ನಾಡಿನಲ್ಲಿ ಇನ್ನೊಂದಿಲ್ಲ. ಸಾವಿರ ವರ್ಷದ ಹಿಂದೆ ಆ ಊರಿನಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ ಗಂಡನನ್ನು ಕಳೆದುಕೊಂಡವಳು. ನಾಗದೇವ ಯುದ್ಧದಲ್ಲಿ ಮಡಿದಾಗ ಅವನ ಇನ್ನೊಬ್ಬ ಮಡದಿಯೂ ತನ್ನ ತಂಗಿಯೂ ಆದ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದು, ಮಗ ಅಣ್ಣಿಗದೇವನನ್ನು ಬೆಳೆಸಿ, ಉಳಿದ ಬಾಳನ್ನೆಲ್ಲ ಕೊಡುವುದರಲ್ಲಿ ಕಳೆದಳು. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ಬಸದಿಗಳಿಗಿಂತ ನನಗೆ ಹೆಚ್ಚು ಬೆರಗು ತರುವುದು ಆಕೆಯ ಇನ್ನೊಂದು ಕೆಲಸ: ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಕಾವ್ಯ ಜನರ ಕೈಯಲ್ಲಿ ಉಳಿಯಲಿ ಎಂದು ಕೈಬರಹದ ಕಾಲದಲ್ಲಿ ಸಾವಿರ ಪ್ರತಿ! ನಮ್ಮ ಶಾಸನಗಳಲ್ಲಿ, ಮುಖ್ಯವಾಗಿ ಜೈನ ಶಾಸನಗಳಲ್ಲಿ, ಅಗಲಿದವರಿಗಾಗಿ ಮಾಡಿದ ಧರ್ಮಕಾರ್ಯಕ್ಕೆ ‘ಪರೋಕ್ಷವಿನಯ’ ಎಂಬ ಹೆಸರಿದೆ. ಕಣ್ಣೆದುರು ಇಲ್ಲದವರಿಗೆ ತೋರುವ ಗೌರವ ಎಂದು ಅದರ ಅರ್ಥ. ‘ಸ್ಮರಣಾರ್ಥ’ ಎಂದು ಬರೆದ ಗೋಡೆ ಗಡಿಯಾರಗಳು ನಿಂತುಹೋಗಿ ತೂಗುತ್ತಿರುವುದನ್ನು ಶಾಲೆಗಳಲ್ಲಿ ಕಂಡಾಗಲೆಲ್ಲ ನನಗೆ ಆ ಹಳೆಯ ಮಾತು ನೆನಪಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇದು. 8 ಲಕ್ಷವನ್ನು ದತ್ತಿನಿಧಿಯಾಗಿಡಿ. ಬಡ್ಡಿ ಶೇ 6.5 ಎಂದು ಹಿಡಿದರೆ ವರ್ಷಕ್ಕೆ 52,000 ರೂಪಾಯಿ ಬರುತ್ತದೆ. ಅದರಲ್ಲಿ 40,000 ಮಾತ್ರ ಖರ್ಚಾಗಲಿ, 12,000 ಮರಳಿ ಅಸಲಿಗೆ ಸೇರಲಿ. ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕಾಲೇಜೊಂದರ ದತ್ತಿ ಸಮಿತಿಯಲ್ಲಿ ನಾನು ಕೆಲವು ಕಾಲ ಇದ್ದೆ. ಹಿಂದಿನವರು ಐದು ಸಾವಿರ ಕೊಟ್ಟು ಚಿನ್ನದ ಪದಕ ಎಂದು ಬರೆಸಿಟ್ಟಿದ್ದರು. ನಮ್ಮ ಕಾಲಕ್ಕೆ ಅದರ ಬಡ್ಡಿಯಲ್ಲಿ ಪದಕದ ಪೆಟ್ಟಿಗೆಯೂ ಬರುತ್ತಿರಲಿಲ್ಲ. ದಾನಿಯ ಮೊಮ್ಮಗ ಸಮಾರಂಭಕ್ಕೆ ಬಂದಾಗ ಪ್ರಮಾಣಪತ್ರ ಮಾತ್ರ ಕೊಡುತ್ತಿರುವುದನ್ನು ಕಂಡು ಏನೂ ಹೇಳದೆ ಹೋದರು. ಅಸಲು ಬೆಳೆಯದ ದತ್ತಿ ದಾನಿಯ ಹೆಸರನ್ನೇ ಕುಗ್ಗಿಸುತ್ತದೆ.

ಆ 40,000 ರೂಪಾಯಿಯಲ್ಲಿ ಏನಾಗಬಹುದು? ಲಕ್ಕುಂಡಿಯ ಸರ್ಕಾರಿ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ಅವರ ಊರನ್ನೇ ಓದಲು ಕಲಿಸಬಹುದು. ಇತಿಹಾಸ ಬಲ್ಲ ಸ್ಥಳೀಯ ಶಿಕ್ಷಕರೊಬ್ಬರು, ಇಲ್ಲವೇ ಎಂ.ಎ. ಮುಗಿಸಿ ಊರಿನಲ್ಲಿರುವ ತರುಣಿಯೋ ತರುಣನೋ ತಿಂಗಳಿಗೆ ಎರಡು ಶನಿವಾರ ಮಕ್ಕಳನ್ನು ಒಂದೊಂದು ಗುಡಿಗೆ, ಒಂದೊಂದು ಬಾವಿಗೆ ಕರೆದೊಯ್ಯಲಿ. ಶಾಸನದ ಹಳಗನ್ನಡ ಲಿಪಿಯ ನಾಲ್ಕಕ್ಷರ ಗುರುತಿಸುವುದನ್ನು, ಕಂಬದ ಅಳತೆ ತೆಗೆದು ಚಿತ್ರ ಬರೆಯುವುದನ್ನು, ಮನೆಯ ಅಜ್ಜಿಯನ್ನು ಕೇಳಿ ಬಾವಿಯ ಕಥೆ ಬರೆದು ತರುವುದನ್ನು ಕಲಿಸಲಿ. ಗೌರವಧನ ತಿಂಗಳಿಗೆ 2,000 ರೂಪಾಯಿಯಂತೆ ಹತ್ತು ತಿಂಗಳಿಗೆ 20,000, ಪುಸ್ತಕಗಳಿಗೆ 10,000, ನೋಟ್‌ಬುಕ್ ಮತ್ತು ಬಹುಮಾನಕ್ಕೆ 6,000, ಮಕ್ಕಳ ಚುರುಮುರಿ, ಚಹಾ, ಇತರ ಖರ್ಚಿಗೆ 4,000. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ; ಪುಸ್ತಕಗಳನ್ನು ಅಲ್ಲಿ ಇಡಬಹುದು, ಮನೆಯಲ್ಲಿರುವ ನಿಮ್ಮ ಪತ್ನಿಯ ಪುಸ್ತಕಗಳನ್ನೂ ಅಲ್ಲಿಗೇ ಕೊಡಬಹುದು. ಠೇವಣಿಯ ಬಡ್ಡಿ ಮೇ ತಿಂಗಳಲ್ಲಿ ಕೈಗೆ ಬರುವಂತೆ ಹೊಂದಿಸಿ, ಏಕೆಂದರೆ ಶಾಲೆಗೆ ಹಣ ಬೇಕಾಗುವುದು ಜೂನ್‌ನಲ್ಲಿ. ವರ್ಷಾಂತಿಕದ ತಿಥಿಗೆ ಕಾರ್ಯಕ್ರಮವನ್ನು ಕಟ್ಟಿಹಾಕಬೇಡಿ.

ಅಸಲನ್ನು ಶಾಲೆಯ ಖಾತೆಗೆ ಹಾಕಬೇಡಿ. ಮುಖ್ಯೋಪಾಧ್ಯಾಯರಿಗೆ ವರ್ಗವಾಗುತ್ತದೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅವಧಿ ಮುಗಿದು ಹೊಸಬರು ಬರುತ್ತಾರೆ. ಅವರು ಒಳ್ಳೆಯವರೇ ಇದ್ದರೂ ಹಿಂದಿನ ಮಾತು ಅವರಿಗೆ ತಿಳಿದಿರುವುದಿಲ್ಲ. ಇಷ್ಟು ಮೊತ್ತಕ್ಕೆ ನೀವೇ ಟ್ರಸ್ಟ್ ಮಾಡುವುದೂ ಬೇಡ: ಟ್ರಸ್ಟ್ ಪತ್ರ, ಪ್ಯಾನ್, ಲೆಕ್ಕಪತ್ರ, ತೆರಿಗೆ ಇಲಾಖೆಯ ನೋಂದಣಿ, ಅದರ ನವೀಕರಣ ಎಂದು ಮಕ್ಕಳಿಗಾಗಿ ಇಟ್ಟ ಹಣದ ಒಂದು ಭಾಗ ಕಾಗದಕ್ಕೇ ಹೋಗುತ್ತದೆ, ಟ್ರಸ್ಟಿಗಳು ಮುಪ್ಪಾದ ಮೇಲೆ ಅದನ್ನು ನೋಡುವವರು ಯಾರು? ದತ್ತಿಗಳನ್ನು ನಡೆಸಿ ಪಳಗಿರುವ ಸಂಸ್ಥೆಗಳು ಆ ಸೀಮೆಯಲ್ಲೇ ಇವೆ. ಧಾರವಾಡದಲ್ಲಿ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ, ಜಿಲ್ಲಾ ಘಟಕಗಳಿರುವ 1915ರ ಕನ್ನಡ ಸಾಹಿತ್ಯ ಪರಿಷತ್ತು, ಗದಗದ ಕಾಲೇಜುಗಳನ್ನು ನಡೆಸುವ ಸಂಸ್ಥೆಗಳು: ಇವುಗಳ ದತ್ತಿ ನಿಯಮಗಳನ್ನು ತರಿಸಿ ಓದಿ, ಲಕ್ಕುಂಡಿಯಲ್ಲಿಯೇ ಕೆಲಸ ಮಾಡಲು ಯಾರು ಒಪ್ಪುತ್ತಾರೆಂದು ಕೇಳಿ. ದತ್ತಿಪತ್ರದಲ್ಲಿ ಮೂರು ಮಾತು ಇರಲೇಬೇಕು: ಬಡ್ಡಿಯ ಎಷ್ಟು ಭಾಗ ಖರ್ಚಿಗೆ, ಎಷ್ಟು ಅಸಲಿಗೆ; ವರ್ಷಕ್ಕೊಮ್ಮೆ ಲೆಕ್ಕ ಯಾರಿಗೆ ಒಪ್ಪಿಸಬೇಕು; ಶಾಲೆ ಮುಚ್ಚಿದರೆ ಅಥವಾ ಬೇರೆ ಶಾಲೆಯೊಡನೆ ವಿಲೀನವಾದರೆ ಹಣ ಯಾವ ಕೆಲಸಕ್ಕೆ ಹೋಗಬೇಕು.

ತೆರಿಗೆಯ ಮಾತನ್ನು ಬೇಗ ಮುಗಿಸುತ್ತೇನೆ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ದಾನಕ್ಕೆ ಸಿಗುವ, ಜನರು 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಹಳೆಯ ಪದ್ಧತಿಯಲ್ಲಿದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಅದು ಅನ್ವಯಿಸದು. ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಿ. ‘ನಮ್ಮ ಸಮಾಜದ ಮಕ್ಕಳಿಗೆ ಮಾತ್ರ’ ಎಂಬ ಸಲಹೆಗೂ ಇದು ತಾಗುತ್ತದೆ: ಒಂದು ಜಾತಿ ಅಥವಾ ಮತದವರ ಹಿತಕ್ಕಾಗಿಯೇ ಇರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ಸಾಮಾನ್ಯವಾಗಿ ಆ ರಿಯಾಯಿತಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಮೂವತ್ತೊಂದು ವರ್ಷ ಹಾಜರಿ ಪುಸ್ತಕದಲ್ಲಿದ್ದ ಮಕ್ಕಳನ್ನೆಲ್ಲ ಒಂದೇ ಸಮ ಕರೆದವರ ಹೆಸರಿನಲ್ಲಿ ಆ ಷರತ್ತು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನೀವು ಅಳಿಯ, ಊರಿನ ಒಳಹೊರಗು ತಿಳಿಯದು ಎಂದಿದ್ದೀರಿ. ಅದಕ್ಕಾಗಿಯೇ ಮೊದಲ ವರ್ಷ ದತ್ತಿಗೆ ಸಹಿ ಹಾಕಬೇಡಿ. ಒಂದು ವರ್ಷದ ಖರ್ಚನ್ನು ಕೈಯಿಂದ ಕೊಟ್ಟು ಕೆಲಸ ನಡೆಸಿ ನೋಡಿ. ಮಾತಾಡುವವರು ಯಾರು, ಶನಿವಾರ ಬಿಸಿಲಿನಲ್ಲಿ ಮಕ್ಕಳ ಜೊತೆ ನಡೆಯುವವರು ಯಾರು ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಭಾವಮೈದುನರನ್ನು ಹೊರಗಿಡಬೇಡಿ. ಮುಖ್ಯೋಪಾಧ್ಯಾಯರನ್ನು ಕಾಣುವುದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ತರುವುದು, ಸ್ಮಾರಕಗಳ ಸಿಬ್ಬಂದಿಗೆ ಮೊದಲೇ ತಿಳಿಸುವುದು ಅವರಿಂದ ಆಗುವ ಕೆಲಸ, ನಿಮ್ಮಿಂದ ಆಗುವುದಲ್ಲ. ಅಕ್ಕನ ಹೆಸರು ಕಾಣಬೇಕೆಂಬ ಅವರ ಆಸೆಗೂ ಜಾಗವಿದೆ: ಮಕ್ಕಳಿಗೆ ಕೊಡುವ ನೋಟ್‌ಬುಕ್ಕಿನ ರಟ್ಟಿನ ಮೇಲೆ ಮುಸುಕಿನ ಬಾವಿಯ ರೇಖಾಚಿತ್ರ, ಕೆಳಗೆ ಅವರ ಹೆಸರು, ಅದರ ಕೆಳಗೆ ‘ಲಕ್ಕುಂಡಿಯ ಮಗಳು’ ಎಂದು ಅಚ್ಚು ಹಾಕಿಸಿ.

ಪ್ರಶ್ನೆ: ನನ್ನ ಹೆಂಡತಿಗೆ ಶಿರಸಿ ಸೀಮೆಯ ತವರಿನಲ್ಲಿ ತಂದೆಯಿಂದ ಬಂದ ಸ್ವಲ್ಪ ಅಡಿಕೆ ತೋಟದ ಪಾಲು ಇತ್ತು. ನಮಗೆ ಮಕ್ಕಳಿಲ್ಲ. ಅವಳು ತೀರಿಕೊಂಡಿದ್ದಾಳೆ, ಉಯಿಲು ಬರೆದಿಲ್ಲ. ಆ ಪಾಲನ್ನು ಅವಳು ಓದಿದ ಶಾಲೆಗೆ ದಾನ ಮಾಡಬಹುದೇ?

ಉತ್ತರ: ನೀವಾಗಿ ಮಾಡಲು ಬರುವುದಿಲ್ಲ. ಮೇಲೆ ಹೇಳಿದ 15ನೆಯ ಸೆಕ್ಷನ್ನಿನ ಎರಡನೆಯ ಉಪವಿಧಿಯಂತೆ, ಹಿಂದೂ ಸ್ತ್ರೀಗೆ ತಂದೆ ಅಥವಾ ತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿಯು, ಆಕೆಗೆ ಮಕ್ಕಳಾಗಲಿ ತೀರಿಕೊಂಡ ಮಕ್ಕಳ ಮಕ್ಕಳಾಗಲಿ ಇಲ್ಲದಿದ್ದರೆ, ಗಂಡನಿಗೆ ಬರದೆ ಆಕೆಯ ತಂದೆಯ ವಾರಸುದಾರರಿಗೆ ಮರಳುತ್ತದೆ. ಆದರೆ ತಂದೆಯು ಬದುಕಿದ್ದಾಗಲೇ ದಾನಪತ್ರ ಮಾಡಿ ಕೊಟ್ಟಿದ್ದರೆ ಅಥವಾ ನಿಮ್ಮ ಪತ್ನಿ ತಮ್ಮ ಗಳಿಕೆಯಿಂದ ಕೊಂಡಿದ್ದರೆ ಲೆಕ್ಕ ಬೇರೆ. ಆದ್ದರಿಂದ ಪಹಣಿಯ ಜೊತೆಗೆ ಮೂಲಪತ್ರವನ್ನೂ ವಕೀಲರಿಗೆ ತೋರಿಸಿ. ಪಾಲು ಅಣ್ಣತಮ್ಮಂದಿರದೇ ಎಂದಾದರೆ, ನಿಮ್ಮ ಆಸೆಯನ್ನು ಅವರ ಮುಂದೆ ಬಾಯಿಬಿಟ್ಟು ಹೇಳಿ. ಹಕ್ಕು ಕೇಳಲು ಬಂದ ಭಾವ ಎಂದುಕೊಂಡಿರುವವರು, ತಂಗಿಯ ಶಾಲೆಗಾಗಿ ಕೇಳಲು ಬಂದವರು ಎಂದು ತಿಳಿದಾಗ ಒಂದೆರಡು ಕ್ವಿಂಟಲ್ ಅಡಿಕೆಯ ಬೆಲೆಯನ್ನಾದರೂ ಪ್ರತಿವರ್ಷ ಕೊಡಲು ಒಪ್ಪಿದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನ್ನ ಯಜಮಾನರ ಊರು ಶರಾವತಿಯಲ್ಲಿ ಮುಳುಗಿಹೋಗಿದೆ. ಬಾಲ್ಯದಲ್ಲಿ ಬಿಟ್ಟು ಬಂದ ಆ ಊರನ್ನು ಅವರು ಸಾಯುವವರೆಗೂ ಮರೆಯಲಿಲ್ಲ. ಇಲ್ಲದ ಊರಿಗೆ ನಾನು ಏನು ಕೊಡಲಿ? ನನ್ನ ಕೈಯಲ್ಲಿ ಒಂದೂವರೆ ಲಕ್ಷವಿದೆ.

ಉತ್ತರ: ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಹೊಲ, ಗುಡಿ, ಶಾಲೆಗಳ ಜೊತೆಗೆ ಅದಕ್ಕಿಂತ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ನೀರಿನೊಳಗೆ ಹೋಯಿತು. ಊರು ಮುಳುಗಿತು, ಆದರೆ ಊರಿನವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಹೋಗಿ ನೆಲೆಸಿದರು. ಭೂಮಿಯ ಹಕ್ಕುಪತ್ರಕ್ಕಾಗಿ ಅವರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅಲೆಯುತ್ತಿದ್ದಾರೆ. ಯಜಮಾನರ ಊರಿನವರು ಹೆಚ್ಚಾಗಿ ಎಲ್ಲಿದ್ದಾರೆ ಎಂಬುದನ್ನು ಅವರ ಬಂಧುಗಳಿಂದ ತಿಳಿಯಿರಿ. ಅಲ್ಲಿನ ಶಾಲೆಯೇ ನೀವು ಕೊಡಬೇಕಾದ ಶಾಲೆ. ಇದಕ್ಕೆ ಒಂದು ಲಕ್ಷ ಸಾಕು, ಅದನ್ನೂ ಒಮ್ಮೆಗೇ ಕೊಡದೆ ಐದು ವರ್ಷಗಳಲ್ಲಿ ಹಂಚಿ ಕೊಡಿ.

ಉಳಿದ 50,000 ರೂಪಾಯಿಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಸಮಯ ಹೆಚ್ಚಿಲ್ಲ. ಆ ಊರನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಯಾರ ಮನೆ ಎಲ್ಲಿತ್ತು, ಗದ್ದೆಗಳಿಗೆ ಏನೆಂದು ಹೆಸರಿತ್ತು, ದೇವರನ್ನು ಯಾವ ಗುಡ್ಡಕ್ಕೆ ಸಾಗಿಸಿದರು ಎಂಬುದನ್ನು ಅವರಿಂದ ಕೇಳಿ ದಾಖಲಿಸಿ, ಕೈನಕ್ಷೆಯೊಂದನ್ನು ಬರೆಸಿ, ನೂರಿನ್ನೂರು ಪ್ರತಿಯ ಕಿರುಪುಸ್ತಕ ಮಾಡಿಸಬಹುದು. ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಜಾನಪದ ವಿಭಾಗದ ವಿದ್ಯಾರ್ಥಿಗಳಿಬ್ಬರಿಗೆ ಓಡಾಟದ ಖರ್ಚು ಕೊಟ್ಟರೆ ಈ ಕೆಲಸ ಆಗುತ್ತದೆ. ಮಳೆ ಕಡಿಮೆಯಾದ ವರ್ಷದ ಬೇಸಿಗೆಯಲ್ಲಿ ಹಿನ್ನೀರು ಇಳಿದು ಮಡೆನೂರಿನ ಆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಮಟ್ಟ ವಿಚಾರಿಸಿಕೊಂಡು, ನಡೆಯಬಲ್ಲ ಹಿರಿಯರನ್ನು ಒಂದು ವಾಹನದಲ್ಲಿ ದಡದವರೆಗೆ ಕರೆದೊಯ್ಯಿರಿ. ಮನೆಯಲ್ಲಿ ಕುಳಿತಾಗ ನೆನಪಾಗದ ಹೆಸರುಗಳು ಅಲ್ಲಿ ನಿಂತಾಗ ಬಾಯಿಗೆ ಬರುತ್ತವೆ, ಬರೆದುಕೊಳ್ಳುವವರು ಜೊತೆಯಲ್ಲಿರಲಿ.